ಹನ್ನೊಂದು ಮಕ್ಕಳ ವಿಳಾಸ

ನಮ್ಮ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಶಾಲೆಯ ದಾಖಲೆ ಪುಸ್ತಕದ ಪ್ರಕಾರ ಮಾತ್ರ ಅವರ ಮನೆಯಲ್ಲಿ ಹನ್ನೊಂದು ಮಕ್ಕಳಿದ್ದರು.

ಅವರು ಪ್ರೌಢಶಾಲೆಯ ಗುಮಾಸ್ತರು. ಮೂವತ್ತು ವರ್ಷ ಅದೇ ಕುರ್ಚಿ, ಅದೇ ಅಲುಗಾಡುವ ಮೇಜು. ಪ್ರವೇಶದ ಅರ್ಜಿಯಲ್ಲಿ ವಿಳಾಸದ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲೋ ಸೇತುವೆಯ ಕೆಳಗೋ ಮಲಗೆದ್ದು ಬರುವ ಮಕ್ಕಳು ಏನು ಬರೆಯಬೇಕು? ದೊಡ್ಡಪ್ಪ ಅತ್ತಿತ್ತ ನೋಡಿ ತಮ್ಮ ಮನೆಯ ವಿಳಾಸವನ್ನೇ ಬರೆದುಬಿಡುತ್ತಿದ್ದರು. ಮೇಲಧಿಕಾರಿ ಕೆಮ್ಮಿದರೂ ಎದ್ದು ನಿಲ್ಲುವ ಮನುಷ್ಯ ಇದೊಂದು ವಿಷಯದಲ್ಲಿ ಮಾತ್ರ ಎದೆಗಾರ.

ಆ ಮಕ್ಕಳ ಕಾಗದಗಳೆಲ್ಲ ನಮ್ಮ ಮನೆಗೇ ಬರುತ್ತಿದ್ದವು. “ಎಷ್ಟಮ್ಮಾ ಮಕ್ಕಳು ನಿಮಗೆ?” ಎಂದು ಅಂಚೆಯವನು ಕೇಳಿದರೆ ದೊಡ್ಡಮ್ಮ, “ನನ್ನ ಕೇಳಬೇಡಪ್ಪ, ಬರ್ಕೊಂಡೋರನ್ನ ಕೇಳು” ಎನ್ನುತ್ತಿದ್ದರು. ಓದಲೆಂದು ಅಲ್ಲಿದ್ದ ನಾನೂ ನಗುತ್ತಿದ್ದೆ. ಇದ್ದದ್ದೇ ಎರಡು ಕೋಣೆ, ಮುಂದಿನದು ನನ್ನದು.

ಹನ್ನೊಂದನೆಯವಳು ಎಂಟನೇ ತರಗತಿಯ ಹುಡುಗಿ. ತಾಯಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇಬ್ಬರೂ ಮಲಗುತ್ತಿದ್ದದ್ದು ಬಾಗಿಲು ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ. ಲೆಕ್ಕದಲ್ಲಿ ಅವಳದು ಎತ್ತಿದ ಕೈ. ಮನೆಯಿಲ್ಲದ ಮಕ್ಕಳಿಗೆಂದೇ ಇದ್ದ ವಸತಿ ಶಾಲೆಯ ಪರೀಕ್ಷೆಯಲ್ಲಿ ಪಾಸಾದಳು. ಅರ್ಜಿ ಬರೆದುಕೊಟ್ಟವರು ದೊಡ್ಡಪ್ಪನೇ. ಜೊತೆಗಿಟ್ಟ ಶಾಲೆಯ ದಾಖಲೆಯಲ್ಲಿ ನಮ್ಮ ವಿಳಾಸ ಇದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಕೈಗೆ ಅಷ್ಟು ರೂಢಿಯಾಗಿಹೋಗಿತ್ತು.

ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಹೊರಡುವ ಹೊತ್ತಿಗೆ ವಸತಿ ಶಾಲೆಯ ಅಧಿಕಾರಿ ಕಡತ ಹಿಡಿದು ಬಾಗಿಲಿಗೆ ಬಂದರು.

“ಈ ಹುಡುಗಿ ಇಲ್ಲೇ ಇರೋದಾ?”

ಇಲ್ಲ ಎಂದರೆ ಅವಳಿಗೆ ಸೀಟು ಸಿಗುತ್ತಿತ್ತು. ಆದರೆ ಹನ್ನೊಂದು ಸುಳ್ಳು ವಿಳಾಸಗಳೂ ಹೊರಬೀಳುತ್ತಿದ್ದವು. ದೊಡ್ಡಪ್ಪನ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಒಳಗೆ ದೊಡ್ಡಮ್ಮನ ಪಾತ್ರೆಯ ಸದ್ದು ನಿಂತಿತು.

“ಹೌದು ಸಾರ್,” ಎಂದರು ದೊಡ್ಡಪ್ಪ. “ಇಲ್ಲೇ ಇರೋದು.”

ಅಧಿಕಾರಿ ನನ್ನ ಮಂಚ, ಮೇಜು, ಪುಸ್ತಕಗಳ ಕಡೆ ಕಣ್ಣು ಹಾಯಿಸಿದರು. “ಅನುಕೂಲವಾಗಿದೆಯಲ್ಲ” ಎಂದು ಬರೆದುಕೊಂಡು ಹೋದರು.

ಸೀಟು ಇಲ್ಲವೆಂಬ ಕಾಗದ ಬಂದದ್ದೂ ನಮ್ಮ ಮನೆಗೇ. ತೆಗೆದುಕೊಳ್ಳಲು ಹುಡುಗಿಯೇ ಬಂದಳು. ಹೊಸ್ತಿಲಾಚೆ ನಿಂತು ಎರಡು ಸಲ ಓದಿದಳು. ‘ವಾಸಕ್ಕೆ ಮನೆ ಇರುವುದರಿಂದ’ ಎಂಬಲ್ಲಿ ಬೆರಳಿಟ್ಟು, “ಸಾರ್, ಹಾಗಾದ್ರೆ ನಾನಿಲ್ಲಿ ಇರಬಹುದಾ?” ಎಂದಳು.

ಕೊಂಕು ಮಾತಲ್ಲ, ನಿಜವಾಗಿಯೇ ಕೇಳಿದ್ದಳು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸುತ್ತಾ, “ಜಾಗ ಎಲ್ಲಿದೆ ಮಗಳೇ” ಎಂದರು.

ಅದೇ ತಿಂಗಳು ತಾಯಿ ಮಗಳು ಊರು ಬಿಟ್ಟರು. ಎಲ್ಲಿಗೆಂದು ಹೋಟೆಲಿನವರಿಗೂ ತಿಳಿದಿರಲಿಲ್ಲ. ದೊಡ್ಡಪ್ಪ ಹಾರ ಹಾಕಿಸಿಕೊಂಡು ನಿವೃತ್ತರಾದರು. ವರ್ಷಗಳ ಮೇಲೆ, ಹಾಸಿಗೆ ಹಿಡಿದಾಗ, ಒಮ್ಮೆ ತಾವಾಗಿಯೇ ಅಂದರು: “ಆ ಅಧಿಕಾರಿಗೆ ಇಲ್ಲ ಅನ್ನಬೇಕಿತ್ತು, ಅವಳಿಗೆ ಹೂಂ ಅನ್ನಬೇಕಿತ್ತು. ಎರಡೂ ಕಡೆ ತಪ್ಪಿದೆ ಕಣಮ್ಮ.”

ನನ್ನನ್ನು ಕೇಳಿದ್ದರೆ ಮಂಚದಲ್ಲಿ ಅರ್ಧ ಜಾಗ ಕೊಡುತ್ತಿದ್ದೆ ಎಂದು ಈಗ ಹೇಳುವುದು ಸುಲಭ. ಅವಳು ಕೇಳಿದಾಗ ನಾನು ನಾಲ್ಕೇ ಹೆಜ್ಜೆ ದೂರದಲ್ಲಿ ಆ ಮೇಜಿನ ಮುಂದೆ ತಲೆ ತಗ್ಗಿಸಿ, ಓದುತ್ತಿರುವವಳ ಹಾಗೆ ಕೂತಿದ್ದೆ.