ಮಾಸ್ಟ್ರು ಕೂಗಿದ ಪೆನಾಲ್ಟಿ

ಮೊನ್ನೆ ಬೆಳ್ಳಾರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಅಡಿಕೆ ಮರಗಳನ್ನು ಹೇರಿಕೊಂಡ ಪಿಕಪ್ ಒಂದು ಪಕ್ಕದಲ್ಲಿ ಬಂದು ನಿಂತಿತು. ಆಗಷ್ಟೇ ಕಡಿದ ಮರದ ಆ ಹಸಿ, ಒಗರು ವಾಸನೆ... ಬಸ್ಸು ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ.

ನಮ್ಮ ಮೈದಾನದ ಗ್ಯಾಲರಿ ಕಟ್ಟುತ್ತಿದ್ದುದು ಇಂಥ ಮರಗಳಿಂದಲೇ. ಈಶ್ವರಮಂಗಲದಿಂದ ತುಸು ಆಚೆ, ಗುಡ್ಡ ಕಡಿದು ಮಾಡಿದ ಮೈದಾನ ಅದು. ಪ್ರತಿ ಬೇಸಿಗೆಯಲ್ಲಿ ನಮ್ಮ ಕ್ಲಬ್ಬಿನ ಫುಟ್‌ಬಾಲ್ ಟೂರ್ನಮೆಂಟು. ಒಂದು ತಂಡಕ್ಕೆ ಏಳೇ ಜನ. ಗಡಿಯಾಚೆಯಿಂದಲೂ ತಂಡಗಳು ಬರುತ್ತಿದ್ದವು. ನಾನು ಕ್ಲಬ್ಬಿನ ಗೋಲ್‌ಕೀಪರ್. ಮೈಕ್ ಹಿಡಿಯುತ್ತಿದ್ದವರು ಮಾಸ್ಟ್ರು. ಶಾಲೆಯಲ್ಲಿ ಗಣಿತ ಹೇಳಿಕೊಡುವಾಗ ಸ್ವರ ಎತ್ತದ ಮನುಷ್ಯ, ಮೈಕಿನ ಮುಂದೆ ಬೇರೆಯೇ ಆಗುತ್ತಿದ್ದರು. ಕನ್ನಡದಲ್ಲಿ ಹೊರಟ ಅವರ ವಾಕ್ಯ ತುಳುವಿನಲ್ಲಿ ಓಡಿ ಮಲಯಾಳದಲ್ಲಿ ಗೋಲಾಗುತ್ತಿತ್ತು.

ಅವರ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದವರು ಅವರ ಬಾಲ್ಯದ ಗೆಳೆಯ. ಹಿಂದೊಮ್ಮೆ ನಮ್ಮ ಕ್ಲಬ್ಬಿಗೆ ಆಡಿ, ಮೊಣಕಾಲು ಕಳೆದುಕೊಂಡವರು. ಊರುಗೋಲು ಹಿಡಿದಾದರೂ ಗ್ಯಾಲರಿಯ ಮೇಲಿನ ಸಾಲಿಗೇ ಹತ್ತುತ್ತಿದ್ದರು.

"ಕೆಳಗೆ ಕೂತ್ರೆ ಆಟ ಕಾಣುದಿಲ್ಲ ಮಾರಾಯ, ಕಾಲು ಮಾತ್ರ ಕಾಣುದು," ಎನ್ನುತ್ತಿದ್ದರು.

ಆ ವರ್ಷದ ಸೆಮಿಫೈನಲ್. ಪಡುಬದಿಯ ಗ್ಯಾಲರಿ ಕಿಕ್ಕಿರಿದಿತ್ತು. ನನ್ನ ಹೆಂಡತಿಯೂ ಸಣ್ಣ ಮಗಳೂ ಅಲ್ಲೇ ಇದ್ದರು. ಆಟ ಅರ್ಧವೂ ಆಗಿರಲಿಲ್ಲ, ಚೆಂಡು ಮೈದಾನದ ನಡುವೆ ಎಲ್ಲೋ ಇತ್ತು. ಇದ್ದಕ್ಕಿದ್ದಂತೆ ಮೈಕಿನಲ್ಲಿ ಮಾಸ್ಟ್ರ ಸ್ವರ:

"ಪೆನಾಲ್ಟಿ! ಪೆನಾಲ್ಟಿ! ಪಡುಬದಿಯ ಗ್ಯಾಲರಿಯವರು ನಿಧಾನಕ್ಕೆ ಇಳಿದು ಗೆರೆಯ ಹತ್ತಿರ ಬನ್ನಿ. ಹೆಂಗಸರು, ಮಕ್ಕಳು ಮೊದಲು. ಹತ್ತಿರದಿಂದ ನೋಡುವ, ಬನ್ನಿ..."

ಯಾರೂ ಯಾರನ್ನೂ ಬೀಳಿಸಿರಲಿಲ್ಲ. ರೆಫ್ರಿ ಸಿಟ್ಟಿನಿಂದ ಅವರತ್ತ ಓಡಿದವರು ಅರ್ಧದಲ್ಲೇ ನಿಂತರು. ಮಾಸ್ಟ್ರು ಮಾತು ನಿಲ್ಲಿಸದೆ, ಎದುರಿನ ಪಡುಬದಿಯ ಗ್ಯಾಲರಿಯ ಬುಡಕ್ಕೆ ಬೆರಳು ತೋರಿಸುತ್ತಿದ್ದರು. ಅಲ್ಲಿ ಹಗ್ಗ ಬಿಚ್ಚಿಕೊಂಡು ಊರೆಗಂಬವೊಂದು ವಾಲಿತ್ತು. ರೆಫ್ರಿ ತಿರುಗಿದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಸೀಟಿ ಊದಿ ಚೆಂಡು ತಂದು ನನ್ನ ಮುಂದೆ ಇಟ್ಟರು. "ನಿಲ್ಲು, ಸುಮ್ನೆ ನಿಲ್ಲು," ಎಂದರು ಮೆಲ್ಲಗೆ.

ನಾನು ನಿಂತೆ. ಜನ ನಗುತ್ತಾ, ತಮಾಷೆ ಮಾಡುತ್ತಾ ಇಳಿದು ಬಂದರು. ನನ್ನ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬರುವುದು ಕಾಣಿಸಿತು. ಅವಳು ಗೆರೆ ಮುಟ್ಟಿದಳೋ ಇಲ್ಲವೋ, ಹಿಂದೆ ಗ್ಯಾಲರಿ ಪೂರಾ ಮಗುಚಿತು.

ಮೇಲೆ ಉಳಿದಿದ್ದವರು ಕೆಲವೇ ಜನ. ಕೈ ಕಾಲು ಮುರಿದವು, ಗುಣವಾದವು. ಮಾಸ್ಟ್ರ ಗೆಳೆಯ ಮಾತ್ರ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ಅವರ ಪಕ್ಕದಲ್ಲಿದ್ದವನು ಆಮೇಲೆ ಹೇಳಿದ, "ಕರೆದೆ. 'ಪೆನಾಲ್ಟಿ ಇಲ್ಲಿಂದಲೇ ಚಂದ ಕಾಣುದು, ನೀನು ಹೋಗು' ಅಂದ್ರು."

ಊರಿಗೆ ಊರೇ ಮಾಸ್ಟ್ರನ್ನು ಹೊಗಳಿತು. ನಿಜ ಕೂಗಿದ್ದರೆ ನೂಕುನುಗ್ಗಲಲ್ಲಿ ಎಷ್ಟು ಹೆಣ ಬೀಳುತ್ತಿತ್ತೋ ಎಂದರು. ಸನ್ಮಾನಕ್ಕೆ ಕರೆಯಲು ಹೋದ ಕ್ಲಬ್ಬಿನವರನ್ನು ಅವರು ಚಾ ಕೊಟ್ಟು ಕಳಿಸಿದರು. ಮತ್ತೆ ಮೈಕ್ ಮುಟ್ಟಲಿಲ್ಲ.

ಟೂರ್ನಮೆಂಟು ನಿಂತುಹೋಯಿತು. ಆದರೂ ಬೆಳಿಗ್ಗೆ ನಾನು ಓಡಲು ಹೋಗುತ್ತಿದ್ದೆ. ಒಂದು ದಿನ ಮಂಜಿನಲ್ಲಿ ಯಾರದೋ ಮಾತು ಕೇಳಿ ನಿಂತೆ. ಮಾಸ್ಟ್ರು. ಖಾಲಿ ಪಡುಬದಿಗೆ ಮುಖ ಮಾಡಿ, ಪಾಠ ಹೇಳುವ ಅದೇ ಸಣ್ಣ ಸ್ವರದಲ್ಲಿ ಹೇಳುತ್ತಿದ್ದರು: "ಬೀಳ್ತದೆ... ಇಳಿ ಮಾರಾಯ, ಬೀಳ್ತದೆ..."

ಹಿಂದೆ ಸರಿಯೋಣವೆಂದುಕೊಂಡೆ. ಅಷ್ಟರಲ್ಲಿ ಅವರು ತಿರುಗಿದರು.

"ಮಾಸ್ಟ್ರೆ, ನನ್ನ ಹೆಂಡತಿ, ಮಗಳು ಇಳಿದು ಬಂದದ್ದು ನಿಮ್ಮಿಂದ," ಎಂದೆ.

"ಗೊತ್ತುಂಟು. ಮಗಳು ಶಾಲೆಗೆ ಹೋಗ್ತಾಳಾ ಈಗ?"

"ಹೋಗ್ತಾಳೆ."

ಅವರು ಮತ್ತೆ ಖಾಲಿ ಪಡುಬದಿಗೆ ತಿರುಗಿದರು. "ಸಣ್ಣದಿರುವಾಗಿಂದ ಅವನಿಗೆ ನನ್ನ ಸ್ವರ ಗೊತ್ತು. ನಾನು ಸುಳ್ಳು ಹೇಳುದು ಅವನಿಗೆ ಕೂಡ್ಲೇ ಗೊತ್ತಾಗ್ತಿತ್ತು. ಅವತ್ತೊಂದು ದಿನ... ಎಂತಕ್ಕೆ ನಂಬಿದ ಅಂತ?"

ಸ್ಕೂಟರಿನವರೆಗೆ ಅವರ ಜೊತೆ ನಡೆದೆ.

ಕಳೆದ ಮಳೆಗಾಲ ಮಾಸ್ಟ್ರು ತೀರಿಕೊಂಡರು. ಮೈದಾನದಲ್ಲಿ ಈಗ ಕಾಂಕ್ರೀಟಿನ ಮೆಟ್ಟಿಲುಗಳಿವೆ. ಈ ಬೇಸಿಗೆ ಟೂರ್ನಮೆಂಟು ಮತ್ತೆ ಶುರುವಾಯಿತು. ನನ್ನೆತ್ತರಕ್ಕೆ ಬೆಳೆದ ಮಗಳೊಂದಿಗೆ ಹೋಗಿದ್ದೆ. ಆಟಕ್ಕೆ ಮೊದಲು ಮಾಸ್ಟ್ರ ಹೆಸರು ಹೇಳಿ ಒಂದು ನಿಮಿಷ ಮೌನ ಎಂದರು. ಎಲ್ಲರೂ ಎದ್ದು ನಿಂತೆವು. ಮೈಕ್ ಆರಿಸಲು ಮರೆತಿದ್ದರು ಕಾಣುತ್ತದೆ... ಆ ಮೌನದುದ್ದಕ್ಕೂ ಅದು ಮೆಲ್ಲಗೆ ಉಸಿರಾಡುತ್ತಲೇ ಇತ್ತು, ಯಾರೋ ಏನೋ ಹೇಳಲು ಬಾಯಿ ತೆರೆದು ನಿಂತ ಹಾಗೆ. ನಾನು ಮಗಳ ಕೈ ಹಿಡಿದುಕೊಂಡೆ.

"ಎಂತಾಯ್ತಪ್ಪ?" ಎಂದಳು.

"ಎಂತ ಇಲ್ಲ," ಎಂದೆ.