ಸಂಗು ಕೇಳದ ಎರಡು ದಿನ

ನಮ್ಮ ಕಡೆಯ ಹವಾಮಾನ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಆಷಾಢದಲ್ಲಿ ಬೇರೆ ಸೀಮೆಗಳು ನೆನೆಯುವಾಗ ನಮಗೆ ಸಿಗುವುದು ಬರೀ ಗಾಳಿ. ಪಡುವಣದ ಮೋಡ ಘಟ್ಟದ ಮೇಲೆಯೇ ನೀರೆಲ್ಲ ಸುರಿದು, ಕೋಲಾರಕ್ಕೆ ಬರಿಗೈಯಲ್ಲಿ ಬರುತ್ತದೆ. ರಾಗಿ ಬಲಿಯುವ ಮಳೆ ಬರುವುದು ಆಮೇಲೆ. ಅದೂ ಮುಗಿದು ಕುಯ್ಯುವ ಕಾಲ ಬಂತು ಅನ್ನುವಾಗ ಮದರಾಸಿನ ಸಮುದ್ರದಲ್ಲಿ ತುಫಾನು ಏಳುತ್ತದೆ, ನಮಗೆ ಮೂರು ದಿನ ಜಡಿ ಮಳೆ. ನಿಂತ ಪೈರು ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಕುಯ್ದು ಹೊಲದಲ್ಲಿ ಒಣಗಲು ಬಿಟ್ಟ ರಾಗಿ ಮಾತ್ರ ತೆನೆಯಲ್ಲೇ ಮೊಳೆತುಹೋಗುತ್ತದೆ.

ಕುಯ್ಯಬೇಕೋ ಕಾಯಬೇಕೋ ಎಂದು ಊರಿಗೆ ಹೇಳುತ್ತಿದ್ದವನು ನಮ್ಮಪ್ಪ. ನಮ್ಮೂರು ಕಾಮಸಮುದ್ರದ ಕಡೆ. ಚಿನ್ನದ ಗಣಿಗಳು ನಮಗೆ ಮೂಡಲಿಗೆ. ಪಾಳಿ ಬದಲಾಗುವಾಗ ಗಣಿಯಲ್ಲಿ ಊದುವ ಸೈರನ್ನಿಗೆ ನಾವು ತಮಿಳರ ಹಾಗೆ ಸಂಗು ಎನ್ನುತ್ತಿದ್ದೆವು. ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಸಂಗು ನಮ್ಮ ಹಿತ್ತಲಲ್ಲೇ ಊದಿದಂತೆ ಕೇಳುತ್ತಿತ್ತು. ಆಗ ಕುಡುಗೋಲು ಮುಟ್ಟುವಂತಿಲ್ಲ. ಪಡುವಣ ಗಾಳಿಯಾದರೆ ಸಂಗು ಕೇಳುತ್ತಲೇ ಇರಲಿಲ್ಲ, ಧೈರ್ಯವಾಗಿ ಕುಯ್ಯಬಹುದು.

"ಮಖಕ್ಕೆ ತಗಲೋ ಗಾಳಿ ನಂಬ್‌ಬ್ಯಾಡ ಕಣ್ಲಾ, ಅದು ಗಿಡ ಮರ ಸುತ್ಕಂಡ್ ಬತ್ತದೆ. ಸಂಗು ಬರೋದು ಮೇಲ್ಗಾಳೀಲಿ," ಎನ್ನುತ್ತಿದ್ದ ಅಪ್ಪ.

ಗಾಳಿಯ ಜೊತೆ ಸಾಗುವ ಶಬ್ದ ನೆಲದ ಕಡೆಗೆ ಬಾಗುತ್ತದೆ, ಎದುರು ಸಾಗುವುದು ಮೇಲಕ್ಕೆ ಹೋಗಿಬಿಡುತ್ತದೆ ಎಂದು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಅಪ್ಪ ಇಸ್ಕೂಲಿನ ಮೆಟ್ಟಿಲು ಹತ್ತಿದವನೇ ಅಲ್ಲ.

ಅರವತ್ತರ ದಶಕದ ಆರಂಭದಲ್ಲಿ ನಾನು ಗಣಿಯಲ್ಲಿ ಕೂಲಿಗೆ ಸೇರಿದ್ದೆ, ನಮ್ಮೂರಿನಿಂದ ನಾನೊಬ್ಬನೇ. ಒಂದು ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಎರಡು ದಿನ ಮುಷ್ಕರವಾಯಿತು. "ಸ್ಟ್ರೈಕು ಗೀಕು ಅಂತ ಓಗಿದ್ದು ಗೊತ್ತಾದ್ರೆ ಈ ಮನೆ ಒಸಲು ತುಳೀಬ್ಯಾಡ," ಎಂದು ಅಪ್ಪ ಮೊದಲೇ ಎಚ್ಚರಿಸಿದ್ದ. ನಾನು ಬುತ್ತಿ ಕಟ್ಟಿಕೊಂಡು ದಿನದಂತೆ ಕೆಲಸಕ್ಕೆ ಹೊರಟವನು ರಾಬರ್ಟ್‌ಸನ್‌ಪೇಟೆಯಲ್ಲಿ ಸಿನಿಮಾ ನೋಡಿ, ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತೆ. ರೇಡಿಯೋದವರು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗಬಹುದು ಎಂದರು. ಯಾವಾಗಲೂ ಅವರದು ಒಂದೆರಡು ಕಡೆ. ಹೋಟೆಲಿನಲ್ಲಿದ್ದವರೆಲ್ಲ ನಕ್ಕೆವು.

ಸಂಜೆ ಮನೆಗೆ ಬಂದು ಮುದ್ದೆ ಮುರಿಯುತ್ತಿದ್ದಾಗ ಅಪ್ಪ ಹೇಳಿದ: "ಇವತ್ತು ಮೂರೊತ್ತೂ ಸಂಗು ಕೇಳ್ಲಿಲ್ಲ. ಗಾಳಿ ತಿರುಗ್ಯದೆ. ನಾಳೆ ಕುಯ್ಯಾದೇ."

ಪಕ್ಕದ ಮನೆಯ ದೊಡ್ಡಮ್ಮ ಗೋಡೆಯಾಚೆಯಿಂದ ಕೇಳಿದಳು: "ನಾನೂ ಕುಯ್ಸ್‌ಲೇನಪ್ಪಾ?" ಗಂಡ ತೀರಿಕೊಂಡ ಆಕೆಗೆ ಇದ್ದದ್ದು ಒಂದೇ ತುಂಡು ಹೊಲ, ಅದರ ರಾಗಿಯೇ ಅವಳ ವರ್ಷದ ಊಟ.

"ಕುಯ್ಸು ಅತ್ಗೆ, ಯೋಚ್ನೆ ಮಾಡ್ಬ್ಯಾಡ."

ಅಪ್ಪಾ, ಇವತ್ತು ಸಂಗು ಊದಲೇ ಇಲ್ಲ ಎಂದು ನಾನು ಹೇಳಿದ್ದರೆ ಸಾಕಿತ್ತು. ಹಾಗೆಂದರೆ ಮುಷ್ಕರದ ಮಾತೂ ಹೊರಗೆ ಬರುತ್ತಿತ್ತು. ಆ ಒಂದೆರಡು ಕಡೆ ನಮ್ಮೂರೇ ಯಾಕಾಗಬೇಕು ಎಂದುಕೊಂಡು ಮುದ್ದೆ ನುಂಗಿದೆ. ಮಾರನೆಯ ದಿನವೂ ಬುತ್ತಿ ಹಿಡಿದು ಪೇಟೆಗೇ ಹೋದೆ. ನಾನು ತಿರುಗಿ ಬರುವಷ್ಟರಲ್ಲಿ ಎರಡೂ ಹೊಲ ಕುಯ್ದಾಗಿತ್ತು.

ಮೂರನೆಯ ಬೆಳಿಗ್ಗೆ ಗಣಿ ಶುರುವಾಯಿತು. ಸಂಗು ಹಿತ್ತಲಲ್ಲೇ ಊದಿತು. ಅಪ್ಪ ಬಾಯಲ್ಲಿದ್ದ ಬೇವಿನ ಕಡ್ಡಿ ಉಗಿದು ಆಕಾಶ ನೋಡಿದ. "ಒಂದೇ ರಾತ್ರೀಲಿ ಇಂಗೆ ತಿರುಗಾಕಿಲ್ಲವಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಹೊಲಕ್ಕೆ ಓಡಿದ. ನಾನೂ ಕೆಲಸಕ್ಕೆ ಹೋಗದೆ ಹಿಂದೆಯೇ ಓಡಿದೆ. ನಮ್ಮದರಲ್ಲಿ ಅರ್ಧ ಕಂತೆ ಕಟ್ಟುವುದರೊಳಗೆ ಹನಿ ಬಿತ್ತು. ದೊಡ್ಡಮ್ಮನದನ್ನು ಮುಟ್ಟಲೂ ಆಗಲಿಲ್ಲ.

ಮಳೆ ಮೂರು ದಿನ ಬಿಡಲಿಲ್ಲ. ಎರಡನೆಯ ದಿನ ನನಗೆ ತಡೆಯಲಾಗದೆ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಸೂರಿನ ನೀರು ನೋಡುತ್ತಲೇ, "ಇದ್ನ ಇನ್ಯಾರ್‌ತಾವೂ ಏಳ್ಬ್ಯಾಡ," ಎಂದ.

ಮಳೆ ನಿಂತ ಮೇಲೆ ಕಾಳಿನ ವಾಡೆಯಲ್ಲಿ ತುಂಬಿಟ್ಟಿದ್ದ ಹಳೆಯ ರಾಗಿಯನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಹೆಗಲಿಗೆ ಹೊರಿಸಿ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದ.

"ನನ್ ಕಿವಿ ಕೆಟ್ಟೋಗ್ಯದೆ ಅತ್ಗೆ. ವಯಸ್ಸಾಯ್ತು," ಎಂದ ಅವಳಿಗೆ.

ನಾನು ಮೂಟೆಯನ್ನು ಒಳಗೆ ಒಯ್ದು ಇಳಿಸಿದೆ.

ಮುಂದಿನ ವರ್ಷ ರಾಗಿ ಬಲಿತಾಗ ಅಪ್ಪ ಜಗಲಿಯ ಮೇಲೆಯೇ ಕೂತಿದ್ದ. ದೊಡ್ಡಮ್ಮ ಬಂದವಳು ಅವನನ್ನು ದಾಟಿ ಒಳಗೆ ಬಂದು, ದನಿ ತಗ್ಗಿಸಿ ನನ್ನನ್ನು ಕೇಳಿದಳು: "ಕುಯ್ಸ್‌ಬೌದೇನ್ಲಾ, ಮಗಾ?"

ಅಪ್ಪ ಇತ್ತ ತಿರುಗಿ ನೋಡಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಅವಳಿಗೆ ಉತ್ತರ ಹೇಳಿದೆ.