ಚೌಕಟ್ಟಿನ ಹಿಂದಿನ ಪಟ್ಟಿ

ಪುಣೆಯ ನಮ್ಮ ಮನೆಯ ನಡುಕೋಣೆಯ ಗೋಡೆಯ ಮೇಲೆ ಮೂರು ಫೋಟೋಗಳಿದ್ದವು. ಧಾರವಾಡದಿಂದ ನೌಕರಿಗೆಂದು ಬಂದು ಇಲ್ಲೇ ನೆಲೆ ನಿಂತ ಅಜ್ಜ, ಅವರ ಪಕ್ಕದಲ್ಲಿ ಅಜ್ಜಿ, ಆಮೇಲೆ ನಾನು ಮೂರು ವರ್ಷದವಳಿದ್ದಾಗ ತೀರಿಕೊಂಡ ಅಮ್ಮ. ನನ್ನನ್ನು ಸಾಕಿದ ಸೋದರತ್ತೆಯ ಫೋಟೋ ಮಾತ್ರ ಇರಲಿಲ್ಲ. ಅವಳು ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಡುತ್ತಿದ್ದ ವಿಧವೆ. ಅಂಥವರ ಫೋಟೋ ಆಗ ಯಾರೂ ತೆಗೆಸುತ್ತಿರಲಿಲ್ಲ. ನನಗೆ ದಿನಾ ಜಡೆ ಹೆಣೆದವಳು ಅವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ಅವಳು, ಅಪ್ಪನ ಜೊತೆ ಜಗಳಾಡಿ ನನ್ನನ್ನು ಕಾಲೇಜಿಗೆ ಸೇರಿಸಿದವಳೂ ಅವಳೇ. ನಾಳೆ ಅವಳು ಹೋದರೆ ಅವಳ ಮುಖ ಹೀಗಿತ್ತು ಎಂದು ತೋರಿಸಲು ನನ್ನ ಹತ್ತಿರ ಒಂದು ತುಂಡು ಕಾಗದವೂ ಇರುವುದಿಲ್ಲ ಎಂಬುದು ಹದಿನೆಂಟನೆಯ ವಯಸ್ಸಿನಲ್ಲಿ ನನಗೆ ಹೊಳೆಯಿತು. ಹೊಳೆದದ್ದನ್ನು ಸುಮ್ಮನೆ ಬಿಡುವ ಸ್ವಭಾವ ನನ್ನದಲ್ಲ.

ಅದು ಹೊಳೆದದ್ದು ಒಂದು ಗಣೇಶ ಚೌತಿಯ ಕಾಲದಲ್ಲಿ. ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ನಮ್ಮ ವಾಡೆಯಲ್ಲಿ ಹದಿನಾಲ್ಕು ಬಿಡಾರಗಳು, ನಡುವೆ ಒಂದು ಅಂಗಳ. ಪ್ರತಿವರ್ಷ ಗಣಪತಿಯ ಮುಂದೆ ಅದೇ ನಾಟಕ, ಅದೇ ಗಡ್ಡ ಕಿತ್ತುಬರುವ ರಾವಣ. ಆ ಸಲ ನಾನು ಹಟ ಹಿಡಿದು ಬೇರೆ ಕಾರ್ಯಕ್ರಮ ಮಾಡಿಸಿದೆ. ಪ್ರತಿ ಮನೆಯವರೂ ತಮ್ಮಲ್ಲಿರುವ ಊರಿನ ಹಳೆಯ ಫೋಟೋ ತರಬೇಕು, ಹಿರಿಯರು ಅದರ ಪಕ್ಕ ನಿಂತು ನೆನಪಿದ್ದದ್ದನ್ನು ಹೇಳಬೇಕು.

ಜನ ನಾನೆಣಿಸಿದ್ದಕ್ಕಿಂತ ಹೆಚ್ಚು ತಂದರು. ನದಿಯ ಮೇಲಿನ ಹಳೆಯ ಸೇತುವೆ, ಟಾಂಗಾ ಸ್ಟ್ಯಾಂಡು, ರಸ್ತೆ ಅಗಲ ಮಾಡಲು ಮುಂಭಾಗ ಕೆಡವಿಸಿಕೊಂಡ ವಾಡೆಯೊಂದು. ಪ್ಲೇಗಿನ ವರ್ಷಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಸಂಸಾರವೊಂದರ ಫೋಟೋವೂ ಬಂತು. ಗುಡಿಸಲ ಮುಂದೆ ಕೂತ ಹೆಂಗಸು ಮೂಗುತಿ, ನತ್ತು, ತೋಳಬಂದಿ ಎಲ್ಲ ಹಾಕಿಕೊಂಡಿದ್ದಳು. ಬಿಟ್ಟುಬಂದ ಮನೆಯಲ್ಲಿ ಕಳ್ಳರ ಭಯವಂತೆ. ಓಣಿಯ ಮೂಲೆಯ ಹುಣಸೆಮರ ಮಾರುತಿ ಗುಡಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಇಬ್ಬರು ನಿವೃತ್ತ ಗುಮಾಸ್ತರು ಆರತಿಯ ಹೊತ್ತಾದರೂ ಜಗಳ ಬಿಡಲಿಲ್ಲ. ಮರವಿರುವ ಫೋಟೋ ಅವರ ಕಣ್ಣೆದುರಿಗೇ ಇತ್ತು. ಅದನ್ನು ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ವಾಡೆಯ ಮಾಲಕರ ಹೆಂಡತಿ, ನಾವೆಲ್ಲ ಕಾಕೂ ಎಂದು ಕರೆಯುತ್ತಿದ್ದ ಮರಾಠಿ ಮುತ್ತೈದೆ, ಗಾಜು ಹಾಕಿ ಚೌಕಟ್ಟು ಕಟ್ಟಿಸಿದ ಒಂದು ಫೋಟೋ ತಂದರು. ಅದರಲ್ಲಿದ್ದುದು ನಮ್ಮ ಓಣಿಯ ಸಾರ್ವಜನಿಕ ನೀರಿನ ತೊಟ್ಟಿ, ಮನೆಗಳಿಗೆ ನಲ್ಲಿ ಬರುವ ಮೊದಲಿನದು. ನಡುವೆ ಹಿತ್ತಾಳೆಯ ಕೊಡ ಹಿಡಿದು ನಿಂತವರು ಕಾಕೂ ಅವರ ಅತ್ತೆ. ಸರಕಾರದ ಯಾವುದೋ ಕಚೇರಿಗೆ ಊರಿನ ತೊಟ್ಟಿಗಳ ಚಿತ್ರ ಬೇಕಾಗಿತ್ತಂತೆ. ಕರಿಬಟ್ಟೆ ಹೊದ್ದ ಫೋಟೋದವನು ಬಂದು, ನೀರಿಗೆ ಬಂದ ಹೆಂಗಸರನ್ನೆಲ್ಲ ಹಾಗೇ ನಿಲ್ಲಿಸಿ ತೆಗೆದು, ಒಂದು ಪ್ರತಿಯನ್ನು ವಾಡೆಗೂ ಕೊಟ್ಟು ಹೋಗಿದ್ದ. ಕಾಕೂ ಆ ಅತ್ತೆಯ ಹಣೆಗೆ ಗಾಜಿನ ಮೇಲೆಯೇ ದಿನಾ ಕುಂಕುಮ ಇಡುತ್ತಿದ್ದರು. ಗಾಜಿನ ಆ ಜಾಗ ಕೆಂಪಾಗಿ ಮಬ್ಬುಗಟ್ಟಿತ್ತು.

ನನ್ನ ಅತ್ತೆ ಆ ಸಂಜೆ ಕೆಳಗೆ ಬರಲಿಲ್ಲ. ಹಬ್ಬದಲ್ಲಿ ಮುತ್ತೈದೆಯರ ನಡುವೆ ಅವಳು ಕೂಡುತ್ತಿರಲಿಲ್ಲ, ಮಹಡಿಯ ಕಟಾಂಜನದ ಕಂಬಿಗಳ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮರುದಿನ ಬೆಳಿಗ್ಗೆ ಮೆಂತ್ಯದ ಸೊಪ್ಪು ಬಿಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಆ ದಿವಸ ನಾನೂ ಅಲ್ಲೇ ಇದ್ದೆ. ಬಲಗಡೆ ಮೆಟ್ಟಲ ಮ್ಯಾಲೆ. ಹದಿಮೂರು ವರ್ಷದಾಕಿ. ಜಡೀ ಇಷ್ಟುದ್ದ ಇತ್ತು ನೋಡು."

ಸೊಪ್ಪಿನ ಕೈಯನ್ನು ಸೊಂಟದವರೆಗೆ ಇಳಿಸಿ ತೋರಿಸಿದಳು. ಅದೇ ಮಳೆಗಾಲದಲ್ಲಿ ಬೆಳಗಾವಿಯಲ್ಲಿ ಅವಳ ಗಂಡ ಪ್ಲೇಗಿಗೆ ಸಿಕ್ಕಿ ಸತ್ತ. ಇನ್ನೂ ಗಂಡನ ಮನೆಗೆ ಹೋಗಿರದಿದ್ದ ಹುಡುಗಿಯ ತಲೆಯನ್ನು ದೀಪಾವಳಿಯೊಳಗೆ ಬೋಳಿಸಿದರು. ಇದು ನನಗೆ ಗೊತ್ತಿದ್ದ ಕಥೆ. ಗೊತ್ತಿಲ್ಲದ್ದು ಆ ಜಡೆ.

ನಾನು ಎದ್ದುಬಿದ್ದು ಕಾಕೂ ಮನೆಗೆ ಓಡಿದೆ. ಫೋಟೋದ ಬಲತುದಿಯಲ್ಲಿ ಒಂದು ಮೊಣಕೈ, ಅದಕ್ಕಂಟಿ ಅರ್ಧ ಕೊಡ, ಕೈಯಲ್ಲಿ ಬಳೆ. ಅಲ್ಲಿಗೆ ಕಾಗದ ಮುಗಿದಿತ್ತು. ಬಳೆಯಿದ್ದ ಅತ್ತೆಯ ಕೈಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಾಕೂ ಎದುರಿಗೇ ನನಗೆ ಅಳು ಬಂತು.

ಚಿತ್ರವನ್ನು ಯಾರೋ ಕತ್ತರಿಸಿದ್ದರು. ಓಣಿಯ ತುದಿಯಲ್ಲಿ ಚೌಕಟ್ಟು ಕಟ್ಟುವವರ ಅಂಗಡಿಯಿತ್ತು. ಆ ಚೌಕಟ್ಟು ಕಟ್ಟಿದ್ದು ಈಗಿನವರ ತಂದೆ. ಹೋಗಿ ಕೇಳಿದೆ. ಅವರು ನಕ್ಕು, ತಮ್ಮ ಕಸುಬಿನ ರೀತಿಯನ್ನು ವಿವರಿಸಿದರು. ಫೋಟೋ ಸ್ಟುಡಿಯೋಗಳು ಬೇಡವೆಂದು ಮಾರಿದ, ಫೋಟೋ ಮೂಡಿದ ಗಾಜಿನ ನೆಗೆಟಿವ್ ಪ್ಲೇಟುಗಳನ್ನು ಅವರ ತಂದೆ ಕೊಳ್ಳುತ್ತಿದ್ದರಂತೆ. ಅವನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ತಿಕ್ಕಿ ಚಿತ್ರ ಬಿಡಿಸಿದರೆ ಅಗ್ಗದ ಒಳ್ಳೆಯ ಗಾಜು. ಗಾಜು ಎಷ್ಟಿದೆಯೋ ಚಿತ್ರ ಅಷ್ಟೇ ಇರಬೇಕು, ಹೆಚ್ಚಾದದ್ದನ್ನು ಕತ್ತರಿಸಬೇಕು. ಎಷ್ಟು ಜನರ ಮುಖ ತೊಳೆದುಹೋದ ಗಾಜಿನ ಹಿಂದೆ ನಮ್ಮ ಊರಿನ ದೇವರುಗಳು ಕೂತಿದ್ದಾರೋ ಎಂದು ನನಗೆ ಮೈ ಉರಿಯಿತು. ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಕತ್ತರಿಸಿದ ಪಟ್ಟಿಯನ್ನು ತಂದೆ ಎಸೆಯುತ್ತಿರಲಿಲ್ಲ, ಗಾಜು ಅಲುಗಾಡದಂತೆ ಚೌಕಟ್ಟಿನ ಹಿಂದೆಯೇ ತುರುಕಿ ಮೊಳೆ ಹೊಡೆಯುತ್ತಿದ್ದರು.

ಅಂದರೆ ಅತ್ತೆ ಅಲ್ಲೇ ಇದ್ದಳು. ಬಿಚ್ಚುವುದೊಂದೇ ಬಾಕಿ.

ಬಿಚ್ಚಲು ಕಾಕೂ ಒಪ್ಪಲಿಲ್ಲ. ತಮ್ಮ ಅತ್ತೆ ಮುತ್ತೈದೆಯಾಗಿ ಹೋದವರು, ಕಟ್ಟಿದ ಮೇಲೆ ಆ ಚೌಕಟ್ಟನ್ನು ಯಾರೂ ತೆರೆದಿಲ್ಲ ಎಂದರು. ನಾನು ಮರುದಿನ ಹೋದೆ. ಅದರ ಮರುದಿನವೂ ಹೋದೆ. ಅವರು ಚಕ್ಕುಲಿ ಕೊಟ್ಟು ಕಳಿಸಿದರು, ತಿಂದು ಮತ್ತೆ ಹೋದೆ. ಅಪ್ಪನಿಗೆ ಸುದ್ದಿ ಮುಟ್ಟಿತು. ಅಕ್ಕನ ಮಾತು ಬಂದರೆ ಎದ್ದು ಹೋಗುವುದು ಅಪ್ಪನ ಅಭ್ಯಾಸ. ಆವತ್ತು ಮಾತ್ರ ಗದರಿದರು:

"ಹಳೇದನ್ನ ಕೆದಕಬ್ಯಾಡ ಅಂತ ಎಷ್ಟ ಸಲ ಹೇಳಬೇಕು ನಿನಗ? ಆಕಿ ಫೋಟೋ ಇಲ್ಲಂತ ಆಕೀನ ಎಂದಾರ ಅತ್ತಾಳೇನು?"

"ನಾ ಅಳತೇನಲ್ಲ, ಸಾಲದೇನ್ರಿ?" ಎಂದೆ. ಅವರು ಎದ್ದು ಹೋದರು.

ಅನಂತ ಚತುರ್ದಶಿಗೆ ಗಣಪತಿ ನೀರು ಸೇರಿತು. ಪಿತೃಪಕ್ಷ ಶುರುವಾಯಿತು. ಏಳನೆಯದೋ ಎಂಟನೆಯದೋ ಸಲ ಹೋದಾಗ ಕಾಕೂ, "ಆ ಪವಿತ್ರ ಚೌಕಟ್ಟಿನೊಳಗೆ ಅಂಥದ್ದನ್ನು ಹುಡುಕಬೇಡ ಮಗಳೇ" ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಅತ್ತೆಯನ್ನು 'ಅಂಥದ್ದು' ಎಂದದ್ದು ಕೇಳಿ ನನ್ನ ತಲೆ ಕೆಟ್ಟಿತು. "ಆಕೆ ಇಷ್ಟು ವರ್ಷ ಒಳಗೇ ಇದ್ದಾಳಲ್ಲ ಕಾಕೂ, ನೀವು ದಿನಾ ಕುಂಕುಮ ಇಟ್ಟದ್ದು ಇಬ್ಬರಿಗೂ" ಎಂದುಬಿಟ್ಟೆ. ಕಾಕೂ ಬಾಗಿಲು ಹಾಕಿಕೊಂಡರು. ಮೆಟ್ಟಿಲು ಇಳಿಯುತ್ತ, ಎಲ್ಲವನ್ನೂ ನನ್ನ ಬಾಯಿಯೇ ಹಾಳು ಮಾಡಿತೆಂದು ಹಲ್ಲು ಕಚ್ಚಿಕೊಂಡೆ.

ಹಾಳಾಗಿರಲಿಲ್ಲ. ಅವಿಧವಾ ನವಮಿ, ಅಂದರೆ ಮುತ್ತೈದೆಯಾಗಿ ಸತ್ತವರ ಹೆಸರಲ್ಲಿ ಎಡೆ ಇಡುವ ದಿನ, ಬೆಳಿಗ್ಗೆಯೇ ಕಾಕೂ ಹೇಳಿಕಳಿಸಿದರು. ಚೌಕಟ್ಟನ್ನು ಇಳಿಸಿ ಹಾಸಿದ ವಸ್ತ್ರದ ಮೇಲೆ ಮಕಾಡೆ ಇಟ್ಟಿದ್ದರು. "ನೀನು ಹಾಗೆ ಅಂದಮೇಲೆ ಕುಂಕುಮ ಇಡಲು ಕೈಯೇ ಏಳುತ್ತಿಲ್ಲ. ಅದನ್ನು ತೆಗೆದುಕೊಂಡು ಹೋಗು. ನನ್ನ ಅತ್ತೆಗೆ ನಾನು ಇವತ್ತು ಶುದ್ಧವಾಗಿ ಎಡೆ ಇಡಬೇಕು" ಎಂದರು. ಅವರಿಗೆ ಮೈಲಿಗೆ ಕಳೆಯಬೇಕಿತ್ತು, ನನಗೆ ಅತ್ತೆ ಬೇಕಾಗಿತ್ತು. ಇಕ್ಕಳ ತಗೊಂಡು ಕೂತೆ.

ಮೊಳೆಗಳು ತುಕ್ಕು ಹಿಡಿದಿದ್ದವು. ಹಿಂದಿನ ಹಲಗೆ ಎತ್ತಿದರೆ ಮಡಿಸಿದ ದಪ್ಪ ಕಾಗದದ ಪಟ್ಟಿ. ಬಿಡಿಸಿದೆ. ಲಂಗದಂಥ ಪರಕಾರ, ರವಿಕೆ, ಭುಜದ ಮೇಲಿಂದ ಮುಂದೆ ಬಂದ ಜಡೆ, ಸೊಂಟದ ಮೇಲೆ ಉಳಿದರ್ಧ ಕೊಡ, ಬರಿಗಾಲು. ಕಾಲ ಬೆರಳುಗಳನ್ನೂ ಎಣಿಸಬಹುದಿತ್ತು. ಮುಖ ಮಾತ್ರ ಇರಲಿಲ್ಲ. ಕುತ್ತಿಗೆಯ ಮೇಲೆ ಒರೆಸಿದ ಹಾಗೆ ಒಂದು ಬಿಳಿ ಮಬ್ಬು. ಆ ಕಾಲದ ಫೋಟೋಕ್ಕೆ ಕೆಲವು ಕ್ಷಣ ಅಲುಗದೆ ನಿಲ್ಲಬೇಕಿತ್ತು, ಆಕೆ ತಲೆ ತಿರುಗಿಸಿದ್ದಳು.

ಕಾಕೂ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಎಷ್ಟು ಚಿಕ್ಕವಳು" ಎಂದರು. ಆಮೇಲೆ ಪಟ್ಟಿಯ ಧೂಳನ್ನು ತಮ್ಮ ಸೆರಗಿನಿಂದಲೇ ಒರೆಸಿ ಕೊಟ್ಟರು.

ಮನೆಗೆ ಬಂದು ಅತ್ತೆಯ ಕೈಗೆ ಕೊಟ್ಟೆ. ಅಪ್ಪ ಅಲ್ಲೇ ಪೇಪರು ಓದುತ್ತಿದ್ದರು. ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅಯ್ಯ, ಮಾರೀನ ಇಲ್ಲಲ್ಲ!" ಎಂದು ಮುಖದ ಜಾಗಕ್ಕೆ ಬೆರಳಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ದಿನ ಅಲೆದು, ಬೈದು, ಬೈಸಿಕೊಂಡು ತಂದದ್ದು ಇದೇನು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳಬ್ಯಾಡ ಕೂಸ. ನಿಮ್ಮಪ್ಪ ತೊಟ್ಟಿ ಕಟ್ಟಿ ಮ್ಯಾಲೆ ಬಗ್ಗಿದ್ದ. ಒಂಬತ್ತು ವರ್ಷದಾಂವ, ಭಾಳ ಕಿಡಿಗೇಡಿ. ನೀರಾಗ ಬೀಳತಾನಂತ ಹೊಳ್ಳಿ ನೋಡಿದೆ."

ಪೇಪರಿನ ಹಿಂದೆ ಅಪ್ಪ ಪುಟ ತಿರುವಲಿಲ್ಲ.

"ಹಂಗಾರ ಈಗ ತಗಸೋಣ" ಎಂದೆ. "ಸ್ಟುಡಿಯೋಕ್ಕ ನಡಿ ಅತ್ತೀ. ಯಾರರ ಏನರ ಅನ್ನಲಿ."

ಅವಳು ಒಪ್ಪಲಿಕ್ಕಿಲ್ಲ ಎಂದೇ ನಾನು ವಾದಕ್ಕೆ ಸೊಂಟ ಕಟ್ಟಿದ್ದೆ. ವಾದ ಬೇಕಾಗಲಿಲ್ಲ. "ನಡಿ. ಮಾರಿ ಇಲ್ಲದ್ದೊಂದು ಫೋಟೋ ಬಿಟ್ಟು ಹೋಗಂಗಿಲ್ಲ ನಾ" ಎಂದು ಪಟ್ಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾವು ಹೊಸ್ತಿಲು ದಾಟುವಾಗ ಅಪ್ಪ ಕೋಟು ಹಾಕಿಕೊಂಡು ಹಿಂದೆ ಬಂದರು. ತಡೆಯಲು ಬಂದರೆಂದು ನಾನು ಬೇಗ ಬೇಗ ನಡೆದೆ. ಅವರು ಸ್ಟುಡಿಯೋದವರೆಗೂ ಹಿಂದೆಯೇ ಬಂದರು.

ಸ್ಟುಡಿಯೋದವರು ಸಭ್ಯರು. ಅತ್ತೆಯನ್ನು ನೋಡಿ, ಮುಜುಗರವಾಗದ ಹಾಗೆ ದನಿ ತಗ್ಗಿಸಿ ನನಗೆ ಹೇಳಿದರು. ಪ್ಲೇಟಿನ ಮೇಲೆ ಸಣ್ಣ ಪೆನ್ಸಿಲಿನಿಂದ ಕೂದಲು ಬರೆಯಬಹುದು, ಬೇಕಾದರೆ ಹಣೆಗೆ ಕುಂಕುಮವನ್ನೂ ಇಡಬಹುದು, ಎಷ್ಟೋ ಮನೆಯವರು ಹಾಗೆ ಮಾಡಿಸುತ್ತಾರೆ, ಗೊತ್ತೇ ಆಗುವುದಿಲ್ಲ. ಒಂದು ಗಳಿಗೆ ನನಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತೆಯ ಕಿವಿ ಚುರುಕು.

"ಬ್ಯಾಡ್ರಿ" ಎಂದಳು. "ನಾ ಹ್ಯಾಂಗ ಇದ್ದೇನಿ ಹಾಂಗ ತಗೀರಿ."

ಕುರ್ಚಿಯ ಮೇಲೆ ಕೂತು, ಹಣೆಯವರೆಗೆ ಇದ್ದ ಸೆರಗನ್ನು ಹಿಂದಕ್ಕೆ ಸರಿಸಿ ಹೆಗಲ ಮೇಲೆ ಬಿಟ್ಟಳು. ಪರಗಂಡಸಿನ ಎದುರು, ಹಗಲು ಬೆಳಕಿನಲ್ಲಿ, ನರೆತ ಕೂದಲು ಚುಕ್ಕೆ ಚುಕ್ಕೆಯಾಗಿ ಮೊಳೆತ ಆ ತಲೆಯನ್ನು ನೆಟ್ಟಗೆ ಎತ್ತಿ ಕೂತಳು.

ಗೋಡೆಗೆ ಆನಿಕೊಂಡು ನಿಂತಿದ್ದ ಅಪ್ಪ ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಕ್ಕಾ, ಆವತ್ತ ಕ್ಷೌರದಾಂವನ್ನ ಕರಕೊಂಡ ಬಂದಾಂವ ನಾನ. ಅಪ್ಪಾ ಹೋಗಂದ್ರು, ಓಡಿಕೋತ ಹೋದೆ. ಯಾಕಂತ ಕೇಳಲಿಲ್ಲ ನಾ. ಅಂವನ ಪೆಟಿಗೀನೂ ನಾನ ಹೊತಗೊಂಡು ಬಂದೆ."

ಫೋಟೋದವರು ಕರಿಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಅತ್ತೆ ಕುರ್ಚಿಯ ಮೇಲೆ ತುಸು ಸರಿದು, ಪಕ್ಕದ ಸ್ಟೂಲನ್ನು ಹತ್ತಿರಕ್ಕೆಳೆದಳು.

"ಗೊತ್ತದ ತಮ್ಮಾ. ಅಂವ ಬಂದ ಮ್ಯಾಲೆ ಬಾಗಲಾ ಬಡದು ಬಡದು ನೀ ಅತ್ತದ್ದೂ ನಂಗ ಕೇಳಸ್ತಿತ್ತು. ಬಾ, ಇಲ್ಲೆ ಕೂಡು. ನನಗ ಒಬ್ಬಾಕೀದ ಫೋಟೋ ಬ್ಯಾಡ."